ಮೂಗು ಸಾಕ್ಷಿಯಾಗಲಿ, ಕಾವಲುಗಾರ ಆಗುವುದು ಬೇಡ

ಕಾರ್ಖಾನೆಗೆ ಬರುವ ಅಪಾಯಕಾರಿ ರಾಸಾಯನಿಕದ ಡ್ರಮ್ಮಿನ ಜೊತೆಗೆ ಒಂದು ಸುರಕ್ಷತಾ ಮಾಹಿತಿ ಪತ್ರವೂ ಬರಬೇಕು. ಅದರಲ್ಲಿ ಹದಿನಾರು ಭಾಗಗಳಿರುತ್ತವೆ. ಒಂಬತ್ತನೆಯ ಭಾಗದಲ್ಲಿ ಬಣ್ಣ, ಕುದಿಬಿಂದು, ಸಾಂದ್ರತೆಗಳ ನಡುವೆ 'ವಾಸನೆ' ಅಂತ ಒಂದು ಸಾಲು. ಅದರ ಮುಂದೆ ಬಹಳ ಸಲ ಇರುವುದು ಒಂದೇ ಪದ: 'ವಿಶಿಷ್ಟ'. ಎಷ್ಟು ಪ್ರಮಾಣ ಇದ್ದರೆ ವಾಸನೆ ಗೊತ್ತಾಗುತ್ತದೆ ಅನ್ನುವುದಕ್ಕೂ ಎಷ್ಟೋ ಪತ್ರಗಳಲ್ಲಿ ಒಂದು ಸಾಲಿರುತ್ತದೆ. ಅದರ ಮುಂದೆ: 'ಮಾಹಿತಿ ಲಭ್ಯವಿಲ್ಲ'.

ಇಂಥ ಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡಿನ ಒಂದು ಭಾಗ. ನಾನಿರುವುದು ವಡೋದರಾದಲ್ಲಿ. ಪತ್ರದಲ್ಲಿರುವ ಪದಾರ್ಥಗಳು ಇಲ್ಲಿ ಬರೀ ಕಾಗದದ ಮೇಲಿನ ಹೆಸರುಗಳಲ್ಲ. ಊರಿನ ಮಗ್ಗುಲಲ್ಲೇ ಕೋಯಲಿ ರಿಫೈನರಿ, ನಂದೇಸರಿ ಕೈಗಾರಿಕಾ ಪ್ರದೇಶ. ಉತ್ತರಕ್ಕೆ ಹೋದರೆ ಅಹಮದಾಬಾದಿನ ವಟವಾ, ನರೋಡಾ, ಪಿರಾಣಾದ ಕಸದ ಗುಡ್ಡ. ದಕ್ಷಿಣಕ್ಕೆ ಸೂರತ್ತಿನ ಪಾಂಡೇಸರಾ, ಸಚಿನ್. ಈ ಮೂರೂ ಊರುಗಳಲ್ಲಿ ವಾಸನೆಯ ಬಗ್ಗೆ ಎರಡು ಮಾತುಗಳನ್ನು ಮತ್ತೆ ಮತ್ತೆ ಕೇಳುತ್ತೇನೆ. ಒಂದು, ನಾತ ತಾಳಲಾರದೆ ದೂರು ಕೊಟ್ಟವರಿಗೆ ಸಿಗುವ ಉತ್ತರ: 'ನಮಗೇನೂ ಬರುತ್ತಿಲ್ಲವಲ್ಲ.' ಇನ್ನೊಂದು, ಗುಂಡಿ, ಟ್ಯಾಂಕುಗಳಲ್ಲಿ ಕೆಲಸ ಮಾಡುವವರು ತಮಗೆ ತಾವೇ ಹೇಳಿಕೊಳ್ಳುವ ಧೈರ್ಯ: 'ವಾಸನೆ ಬಂದರೆ ಗೊತ್ತಾಗುತ್ತಲ್ಲ, ಆಗ ಹೊರಗೆ ಬಂದರಾಯಿತು.'

ಮೊದಲನೆಯ ಮಾತು ಮೂಗನ್ನು ತೀರಾ ಕಡಿಮೆ ನಂಬುತ್ತದೆ, ಎರಡನೆಯದು ತೀರಾ ಹೆಚ್ಚು. ಎರಡೂ ಯಾಕೆ ತಪ್ಪು ಅನ್ನುವುದಕ್ಕೆ ಉತ್ತರ ನಮ್ಮ ಮೂಗಿನ ಒಳಗೇ ಇದೆ. ಮೂಗಿನ ಮೇಲ್ಭಾಗದಲ್ಲಿ ಅಂಚೆ ಚೀಟಿಯಷ್ಟು ಜಾಗದಲ್ಲಿ ಕೂತ ಪ್ರೋಟೀನುಗಳಲ್ಲಿ. ಅವು ಹೇಗೆ ಕಟ್ಟಿಕೊಂಡಿವೆ, ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿದರೆ, ವಾಸನೆಯ ವಿಷಯದಲ್ಲಿ ಸರ್ಕಾರವೂ ಕಾರ್ಖಾನೆಯೂ ಅನುವಾದಕರೂ ಏನು ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

*

ಮೊದಲು ಪದದ ಸಮಸ್ಯೆ. ಈ ಪ್ರೋಟೀನಿಗೆ ರಿಸೆಪ್ಟರ್ ಎಂದು ಹೆಸರು. ಕನ್ನಡದಲ್ಲಿ ಅದನ್ನು 'ಗ್ರಾಹಕ' ಅನ್ನಲು ಹೊರಟರೆ ಅಂಗಡಿಗೆ ಬಂದ ಗಿರಾಕಿ ಕಣ್ಣ ಮುಂದೆ ನಿಲ್ಲುತ್ತಾನೆ. ಗುಜರಾತಿಯಲ್ಲೂ ಆ ಪದಕ್ಕೆ ಅದೇ ಅರ್ಥ. ಹಾಗಾಗಿ ನಾನು 'ಗ್ರಾಹಿ' ಅಂತ ಬಳಸುತ್ತೇನೆ.

ಘ್ರಾಣಗ್ರಾಹಿ ಅಂದರೆ ಸುಮಾರು 300ರಿಂದ 350 ಅಮೈನೋ ಆಮ್ಲಗಳನ್ನು ಮಣಿಸರದಂತೆ ಪೋಣಿಸಿದ ಒಂದು ಎಳೆ. ಈ ಎಳೆ ನರಕೋಶದ ಹೊರಪೊರೆಯನ್ನು ಹೊಲಿಗೆ ಹಾಕಿದ ಹಾಗೆ ಏಳು ಸಲ ದಾಟುತ್ತದೆ. ದಾಟುವ ಒಂದೊಂದು ತುಂಡೂ ಒಂದು ಸುರುಳಿ. ಏಳು ಸುರುಳಿಗಳು ಒತ್ತೊತ್ತಾಗಿ ನಿಂತು ನಡುವೆ ಮರದ ಪೊಟರೆಯಂಥ ಒಂದು ಸಣ್ಣ ಜಾಗ ಬಿಟ್ಟುಕೊಂಡಿರುತ್ತವೆ. ಗಾಳಿಯಲ್ಲಿ ತೇಲಿ ಬಂದ ಅಣು ಮೂಗಿನ ಲೋಳೆಯಲ್ಲಿ ಕರಗಿ ಈ ಪೊಟರೆಯೊಳಗೆ ಕೂತರೆ ಸುರುಳಿಗಳು ತುಸು ಸರಿಯುತ್ತವೆ. ಆ ಸರಿದಾಟವೇ ಕೋಶದ ಒಳಗೆ ಸುದ್ದಿಯಾಗುತ್ತದೆ. ಕಣ್ಣಿನಲ್ಲಿ ಬೆಳಕು ಹಿಡಿಯುವ ರೊಡಾಪ್ಸಿನ್, ಅಡ್ರಿನಾಲಿನ್ ಹಿಡಿಯುವ ಗ್ರಾಹಿ ಇವೂ ಇದೇ ದೊಡ್ಡ ಕುಟುಂಬದವು.

ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಈ ಗ್ರಾಹಿಗಳ ಜೀನುಗಳನ್ನು ಇಲಿಯಲ್ಲಿ ಕಂಡುಹಿಡಿದದ್ದು 1991ರಲ್ಲಿ. 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯನಲ್ಲಿ ಕೆಲಸ ಮಾಡುವ ಇಂಥ ಜೀನುಗಳು ಸುಮಾರು 400. ಪ್ರೋಟೀನು ತಯಾರಿಸುವ ನಮ್ಮ ಒಟ್ಟು ಜೀನುಗಳು ಇಪ್ಪತ್ತು ಸಾವಿರದ ಆಸುಪಾಸು; ಅಂದರೆ ಐವತ್ತರಲ್ಲಿ ಒಂದು ಜೀನು ಮೂಗಿಗೇ ಮೀಸಲು. ಇದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಕೆಟ್ಟು ನಿಂತ ಜೀನುಗಳೂ ನಮ್ಮೊಳಗೆ ಉಳಿದಿವೆ, ಹಳೆಯ ಮನೆಯ ಅಟ್ಟದಲ್ಲಿ ಬಿದ್ದಿರುವ ಸಾಮಾನಿನ ಹಾಗೆ.

ಜೀನು ಸಿಕ್ಕಿ ಮೂರು ದಶಕ ಕಳೆದರೂ ಮನುಷ್ಯನ ಘ್ರಾಣಗ್ರಾಹಿಯೊಂದು ಅಣುವನ್ನು ಹೇಗೆ ಹಿಡಿಯುತ್ತದೆ ಅನ್ನುವ ಸ್ಪಷ್ಟ ಚಿತ್ರ ಸಿಕ್ಕಿರಲಿಲ್ಲ. ಈ ಪ್ರೋಟೀನುಗಳನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವುದೇ ಕಷ್ಟ. 2023ರ ಮಾರ್ಚ್‌ನಲ್ಲಿ ಆಶಿಶ್ ಮಂಗ್ಲಿಕ್ ಮತ್ತು ಹಿರೋಆಕಿ ಮತ್ಸುನಾಮಿ ಅವರ ತಂಡಗಳು 'ನೇಚರ್' ಪತ್ರಿಕೆಯಲ್ಲಿ ಆ ಚಿತ್ರ ಪ್ರಕಟಿಸಿದವು. ಅವರು ಆರಿಸಿಕೊಂಡ ಗ್ರಾಹಿಯ ಹೆಸರು ಓಆರ್51ಇ2. ಅದರೊಳಗೆ ಕೂತಿದ್ದದ್ದು ಪ್ರೊಪಿಯೊನೇಟ್, ಚೀಸಿನ ಹುಳಿವಾಸನೆಯಲ್ಲಿ ಸೇರಿರುವ ಪುಟ್ಟ ಅಣು. ಪೊಟರೆ ಎಲ್ಲ ಕಡೆಯಿಂದಲೂ ಮುಚ್ಚಿಕೊಂಡಿತ್ತು. ಅಣುವಿನ ಆಮ್ಲದ ತುದಿಯನ್ನು ಆರ್ಜಿನಿನ್ ಎಂಬ ಒಂದೇ ಒಂದು ಅಮೈನೋ ಆಮ್ಲ ಗಟ್ಟಿಯಾಗಿ ಹಿಡಿದಿತ್ತು. ಪೊಟರೆಯ ಗೋಡೆಯಲ್ಲಿ ಒಂದು ಅಮೈನೋ ಆಮ್ಲವನ್ನು ಬದಲಿಸಿ ಜಾಗ ದೊಡ್ಡದು ಮಾಡಿದರೆ ಅದೇ ಗ್ರಾಹಿ ಇನ್ನೂ ಉದ್ದದ ಆಮ್ಲಗಳಿಗೂ ಓಗೊಡತೊಡಗಿತು. ಸರದಲ್ಲಿ ಒಂದು ಮಣಿ ಬೇರೆಯಾದರೆ ಗೊತ್ತಾಗುವ ವಾಸನೆಯೂ ಬೇರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಾಲೆಯ ಪುಸ್ತಕಗಳು ಗ್ರಾಹಿಯನ್ನು ಬೀಗಕ್ಕೂ ಅಣುವನ್ನು ಕೀಲಿಕೈಗೂ ಹೋಲಿಸುತ್ತವೆ. ಮೂಗಿನ ಮಟ್ಟಿಗೆ ಈ ಹೋಲಿಕೆ ಅರ್ಧ ಮಾತ್ರ ಸರಿ. ಆಕಾರ ಮುಖ್ಯ ಅನ್ನುವುದು ನಿಜ. ಗುಜರಾತಿನಲ್ಲಿ ಊಟವಾದ ಮೇಲೆ ಕೊಡುವ ಮುಖವಾಸದಲ್ಲಿ ಸುವಾ, ಅಂದರೆ ಸಬ್ಬಸಿಗೆ ಬೀಜ, ಇರುತ್ತದೆ. ಅದರ ಘಮದಲ್ಲಿ ಕಾರ್ವೋನ್ ಎಂಬ ಅಣುವಿದೆ. ಪುದೀನದ ಒಂದು ಜಾತಿಯಾದ ಸ್ಪಿಯರ್‌ಮಿಂಟಿನಲ್ಲೂ ಇರುವುದು ಕಾರ್ವೋನೇ. ಅವೇ ಪರಮಾಣುಗಳು, ಅದೇ ಜೋಡಣೆ. ಆದರೆ ಒಂದು ಎಡಗೈ ಇದ್ದಂತೆ, ಇನ್ನೊಂದು ಬಲಗೈ ಇದ್ದಂತೆ. ಕನ್ನಡಿಯ ಬಿಂಬದಷ್ಟೇ ವ್ಯತ್ಯಾಸ, ಆದರೂ ಯಾರೂ ಪುದೀನಕ್ಕೆ ಸಬ್ಬಸಿಗೆ ಅನ್ನುವುದಿಲ್ಲ.

ಹೋಲಿಕೆ ಸೋಲುವುದು ಇನ್ನೊಂದು ಕಡೆ. ಒಂದು ಬೀಗಕ್ಕೆ ಒಂದೇ ಕೀಲಿಕೈ ಇಲ್ಲಿಲ್ಲ. 1999ರಲ್ಲಿ ಬಕ್ ಅವರ ತಂಡ ತೋರಿಸಿದ ಹಾಗೆ ಒಂದು ಗ್ರಾಹಿ ಹಲವು ಅಣುಗಳಿಗೆ ಓಗೊಡುತ್ತದೆ, ಒಂದು ಅಣು ಹಲವು ಗ್ರಾಹಿಗಳನ್ನು ಎಬ್ಬಿಸುತ್ತದೆ. ಯಾವ ಯಾವ ಗ್ರಾಹಿಗಳು ಒಟ್ಟಿಗೆ ಎದ್ದವು ಅನ್ನುವ ಗುಂಪೇ ವಾಸನೆಯ ಗುರುತು. ಭಾಷಾವಿಜ್ಞಾನ ಓದಿದವಳಿಗೆ ಇದು ಅಕ್ಷರಮಾಲೆಯ ಹಾಗೆ ಕಾಣುತ್ತದೆ. ಐವತ್ತು ಚಿಲ್ಲರೆ ಅಕ್ಷರಗಳಲ್ಲಿ ಇಡೀ ಕನ್ನಡ ಬರೆಯುತ್ತೇವೆ. ನಾಲ್ಕು ನೂರು ಅಕ್ಷರವಿದ್ದರೆ ಎಷ್ಟು ಪದ ಬರೆಯಬಹುದು! ಪ್ರಮಾಣ ಬದಲಾದರೆ ಪದವೂ ಬದಲಾಗುತ್ತದೆ. ಮಲ್ಲಿಗೆಯ ಕಂಪಿನಲ್ಲಿ ಇಂಡೋಲ್ ಎಂಬ ಅಣು ಇದೆ. ಚೂರೇ ಚೂರು ಇದ್ದರೆ ಹೂವು, ಹೆಚ್ಚಾದರೆ ಪಾಯಿಖಾನೆ.

*

ಈಗ ಮೊದಲನೆಯ ಮಾತಿಗೆ ಬರೋಣ: 'ನಮಗೇನೂ ಬರುತ್ತಿಲ್ಲವಲ್ಲ.'

ನಾಲ್ಕು ನೂರು ಅಕ್ಷರಗಳ ಈ ಮಾಲೆ ಎಲ್ಲರಲ್ಲೂ ಒಂದೇ ಥರ ಇಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓಆರ್7ಡಿ4 ಎಂಬ ಗ್ರಾಹಿಯನ್ನು ತೆಗೆದುಕೊಂಡಿತು. ಆಂಡ್ರೋಸ್ಟಿನೋನ್ ಎಂಬ ಅಣುವಿನ ವಾಸನೆ ಕೆಲವರಿಗೆ ಬೆವರು, ಮೂತ್ರದ ಹಾಗೆ, ಇನ್ನು ಕೆಲವರಿಗೆ ಸಿಹಿಯಾಗಿ, ಮತ್ತೆ ಕೆಲವರಿಗೆ ಏನೂ ಇಲ್ಲ. ಈ ವ್ಯತ್ಯಾಸದ ಒಂದು ಪಾಲು ಆ ಗ್ರಾಹಿಯ ಒಂದೆರಡು ಅಮೈನೋ ಆಮ್ಲಗಳ ಬದಲಾವಣೆಯಿಂದ ಬರುತ್ತದೆ ಅಂತ ಅದು ತೋರಿಸಿತು. ಒಂದು ಮಣಿಯ ಮಾತು ಹೇಳಿದೆನಲ್ಲ, ಅದೇ ಇದು. ಒಂದೇ ಸೊಸೈಟಿಯ ಮೂರನೇ ಮಹಡಿಯವರಿಗೆ ತಲೆನೋವು ಬರಿಸುವ ನಾತ ನಾಲ್ಕನೇ ಮಹಡಿಯವರಿಗೆ ಗೊತ್ತೇ ಆಗದಿದ್ದರೆ ಅದರಲ್ಲಿ ಸುಳ್ಳೂ ಇಲ್ಲ, ಭ್ರಮೆಯೂ ಇಲ್ಲ.

ಎರಡನೆಯ ಕಾರಣ ಒಗ್ಗಿಕೊಳ್ಳುವುದು. ಗ್ರಾಹಿ ಸರಿದಾಗ ಕೋಶದೊಳಗೆ ಒಂದು ಸರಪಳಿ ನಡೆಯುತ್ತದೆ: ಜಿ-ಪ್ರೋಟೀನು, ಒಂದು ಕಿಣ್ವ, ಕಿಣ್ವ ತಯಾರಿಸುವ ಸೈಕ್ಲಿಕ್ ಎಎಂಪಿ, ಅದರಿಂದ ತೆರೆಯುವ ಒಂದು ದಾರಿ, ಆ ದಾರಿಯಲ್ಲಿ ಒಳನುಗ್ಗುವ ಕ್ಯಾಲ್ಸಿಯಂ. ಈ ಕ್ಯಾಲ್ಸಿಯಂ ಮೆದುಳಿಗೆ ಹೋಗುವ ಸಂಕೇತಕ್ಕೆ ಬಲ ಕೊಡುತ್ತದೆ, ಜೊತೆಗೆ ತಾನು ಬಂದ ದಾರಿಯನ್ನೂ ಮುಚ್ಚತೊಡಗುತ್ತದೆ. ಗಂಟೆ ಬಾರಿಸಿದವನೇ ಗಂಟೆಗೆ ಬಟ್ಟೆ ಸುತ್ತಿದ ಹಾಗೆ. ಇದು ದೋಷವಲ್ಲ. ಮೂಗಿನ ಕೆಲಸ ಹೊಸದನ್ನು ಹೇಳುವುದು, ಇದ್ದದ್ದನ್ನೇ ಹೇಳುತ್ತಾ ಕೂರುವುದಲ್ಲ. ಆದ್ದರಿಂದಲೇ ಪಿರಾಣಾದ ಪಕ್ಕದ ರಸ್ತೆಯಲ್ಲಿ ಹಾದುಹೋಗುವವರು ಮೂಗು ಮುಚ್ಚಿಕೊಳ್ಳುತ್ತಾರೆ, ಅಲ್ಲೇ ಚಹಾ ಮಾರುವವರು ಮುಚ್ಚಿಕೊಳ್ಳುವುದಿಲ್ಲ. ತಪಾಸಣೆಗೆ ಬಂದವರು ಅರ್ಧ ಗಂಟೆ ಅಲ್ಲೇ ನಿಂತು ಮಾತಾಡಿದರೆ ಅವರಿಗೂ ನಾತ ಕಡಿಮೆಯಾದಂತೆ ಅನ್ನಿಸುತ್ತದೆ. ಗಾಳಿ ಬದಲಾಗಿರುವುದಿಲ್ಲ, ಬದಲಾದದ್ದು ಅವರ ಮೂಗು.

ಹಾಗಾದರೆ ವಾಸನೆಯ ದೂರನ್ನು ಅಳೆಯುವುದು ಹೇಗೆ? ಯುರೋಪಿನಲ್ಲಿ ಇದಕ್ಕೆ 2003ರಿಂದ ಒಂದು ಮಾನದಂಡವಿದೆ. ಅಲ್ಲಿ ಅಳತೆಯ ಉಪಕರಣ ಮನುಷ್ಯರ ಮೂಗೇ. ಬ್ಯುಟನಾಲ್ ಎಂಬ ಪದಾರ್ಥದಿಂದ ಪರೀಕ್ಷಿಸಿ, ತೀರಾ ಚುರುಕೂ ಅಲ್ಲದ ತೀರಾ ಮಂಕೂ ಅಲ್ಲದ ಮೂಗಿನವರನ್ನು ಆರಿಸುತ್ತಾರೆ. ಗಾಳಿಯ ಮಾದರಿಯನ್ನು ಶುದ್ಧ ಗಾಳಿಯಲ್ಲಿ ಎಷ್ಟು ಪಟ್ಟು ತೆಳುಮಾಡಿದರೆ ಆ ಗುಂಪಿನ ಅರ್ಧ ಜನರಿಗೆ ಗೊತ್ತಾಗುವುದಿಲ್ಲ ಅಂತ ನೋಡುತ್ತಾರೆ. ಒಬ್ಬರ ಮೂಗು ನೆಚ್ಚಿಕೊಳ್ಳುವಂಥದ್ದಲ್ಲ, ಹಲವರ ಮೂಗು ಪುರಾವೆ: ಗ್ರಾಹಿಗಳ ವಿಜ್ಞಾನ ಹೇಳುವುದೂ ಇದನ್ನೇ.

ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಲ್ಲಿ ದುರ್ವಾಸನೆಯ ನಿಯಂತ್ರಣಕ್ಕೆ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಬಂದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ ಹನ್ನೆರಡು ಮಾಲಿನ್ಯಕಾರಕಗಳಿವೆ. ಅಮೋನಿಯಾ ಇದೆ, ಬೆಂಜೀನ್ ಇದೆ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಇಲ್ಲ. ವಾಸನೆಗೆ ಅಂತಲೇ ಒಂದು ಮಿತಿಯೂ ಇಲ್ಲ. ಹಾಗಾಗಿ ಜನರ ಮೂಗು ಹೇಳಿದ್ದು ಹನ್ನೆರಡು ಅಂಕಿಗಳ ಹಲಗೆಯ ಮೇಲೆ ಕಾಣಿಸುವುದೇ ಇಲ್ಲ. ಹಲಗೆ ಹಸಿರು ತೋರಿಸುತ್ತಿರುತ್ತದೆ, ಜನ ಕಿಟಕಿ ಮುಚ್ಚಿಕೊಂಡಿರುತ್ತಾರೆ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಮನೆಗಳಿಗೆ, ಎಂಥ ವಾಸನೆ ಬಂತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತ ದಾಖಲಿಸಿಕೊಳ್ಳುವುದಕ್ಕೆ ಯಂತ್ರವೇನೂ ಬೇಡ. ಒಂದು ಪುಸ್ತಕ ಸಾಕು. ಮೂಗಿನ ಸಾಕ್ಷಿಗೆ ನಾನು ಕೇಳುವ ಮರ್ಯಾದೆ ಇಷ್ಟೇ.

*

ಸಾಕ್ಷಿಯಾಗಿ ಮೂಗನ್ನು ಒಪ್ಪಿದ ಮಾತ್ರಕ್ಕೆ ಅದನ್ನು ಕಾವಲಿಗೆ ನಿಲ್ಲಿಸಬಾರದು. ಎರಡನೆಯ ಮಾತು ಜೀವ ತೆಗೆಯುವಂಥದ್ದು.

ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಮೂಗು ಹಿಡಿಯುವಷ್ಟು ಚುರುಕಾಗಿ ಹಿಡಿಯುವ ಸಾಧನಗಳು ಕಡಿಮೆ. ಗಾಳಿಯ ಕೋಟಿ ಭಾಗದಲ್ಲಿ ಒಂದಷ್ಟು ಇದ್ದರೂ ಮೊಟ್ಟೆ ಕೊಳೆತ ನಾತ ಬರುತ್ತದೆ. ಆದರೆ ಅದರ ಪ್ರಮಾಣ ಹತ್ತು ಲಕ್ಷದಲ್ಲಿ ನೂರು ಭಾಗದ ಹತ್ತಿರ ಹೋದಾಗ ಕೆಲವೇ ನಿಮಿಷಗಳಲ್ಲಿ ನಾತ ಮಾಯವಾಗುತ್ತದೆ. ಇದು ಚಹಾ ಅಂಗಡಿಯವರ ಒಗ್ಗಿಕೊಳ್ಳುವಿಕೆಯಲ್ಲ. ಅನಿಲ ಘ್ರಾಣದ ನರವನ್ನೇ ಮರಗಟ್ಟಿಸುತ್ತದೆ. ಒಳಗಿದ್ದವರಿಗೆ 'ಹೋಯಿತು, ಗಾಳಿ ಆಡಿತು' ಅನ್ನಿಸುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ. ಐನೂರು, ಸಾವಿರ ಭಾಗಕ್ಕೆ ಹೋದರೆ ಪ್ರಜ್ಞೆ ತಪ್ಪುವುದಕ್ಕೂ ಸಾವಿಗೂ ಹೆಚ್ಚು ಹೊತ್ತು ಬೇಡ. ಈ ಅನಿಲ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂತಿರುತ್ತದೆ. ಶೌಚಗುಂಡಿಯಲ್ಲಿ ಕೊಳೆತದ್ದರಿಂದ ತಾನಾಗಿ ಹುಟ್ಟುತ್ತದೆ. ಗಂಧಕದ ಬಣ್ಣ ಹಾಕುವಾಗ ಬಳಸುವ ಸೋಡಿಯಂ ಸಲ್ಫೈಡಿನ ನೀರಿಗೆ ಆಮ್ಲ ಸೇರಿದರೂ ಹುಟ್ಟುತ್ತದೆ. ಬಟ್ಟೆಯ ಊರುಗಳಲ್ಲಿ ಎರಡಕ್ಕೂ ಬರವಿಲ್ಲ.

2019ರ ಜೂನ್‌ನಲ್ಲಿ ವಡೋದರಾ ಜಿಲ್ಲೆಯ ಡಭೋಯಿ ಹತ್ತಿರ ಒಂದು ಹೋಟೆಲಿನ ಶೌಚಗುಂಡಿ ಸ್ವಚ್ಛ ಮಾಡಲು ಹೋಗಿ ಏಳು ಜನ ಸತ್ತರು. ನಾಲ್ವರು ಸ್ವಚ್ಛತಾ ಕೆಲಸಗಾರರು, ಮೂವರು ಹೋಟೆಲಿನ ಕೆಲಸಗಾರರು. ಒಬ್ಬರು ಇಳಿದರು, ಮೇಲೆ ಬರಲಿಲ್ಲ. ಅವರನ್ನು ಎತ್ತಲು ಹೋದವರೂ ಬರಲಿಲ್ಲ. 2022ರ ಜನವರಿ 6ರ ಬೆಳಗಿನ ಜಾವ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರಿನಿಂದ ಚರಂಡಿಗೆ ರಾಸಾಯನಿಕ ತ್ಯಾಜ್ಯ ಸುರಿಯುವಾಗ ಎದ್ದ ವಿಷಾನಿಲಕ್ಕೆ ಪಕ್ಕದ ಬಟ್ಟೆ ಕಾರ್ಖಾನೆಯ ಕನಿಷ್ಠ ಆರು ಕಾರ್ಮಿಕರು ಬಲಿಯಾದರು, ಇಪ್ಪತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಇವರಲ್ಲಿ ಯಾರ ಮೂಗೂ ಕೆಟ್ಟಿತ್ತು ಅಂತ ಅಂದುಕೊಳ್ಳುವ ಅಗತ್ಯವಿಲ್ಲ. ಇಂಥ ಕಡೆ ಆರೋಗ್ಯವಾದ ಮೂಗೂ ಕಾವಲಿಗೆ ಸಾಲದು.

ನಮ್ಮ ಹಿರಿಯರು ಈ ವಿಷಯದಲ್ಲಿ ಮೂಗನ್ನು ನಂಬಿದವರಲ್ಲ. ಹಳೆಯ ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಮನುಷ್ಯ ಇಳಿಯುತ್ತಿರಲಿಲ್ಲ. ಆ ಉಪಾಯ ಆಮ್ಲಜನಕದ ಕೊರತೆಯನ್ನಷ್ಟೇ ಹೇಳುತ್ತದೆ, ಉರಿಯುವ ಅನಿಲವಿರುವ ಗುಂಡಿಯಲ್ಲಿ ಅದನ್ನು ಮಾಡಹೋದರೆ ಸ್ಫೋಟವೇ ಆದೀತು. ಆದರೆ ಅದರ ಹಿಂದಿನ ವಿವೇಕ ಸರಿಯಾದದ್ದು: ಮೊದಲು ಇಳಿಯಬೇಕಾದದ್ದು ಒಂದು ವಸ್ತು, ಮನುಷ್ಯನಲ್ಲ. ಇಂದು ಆ ಲಾಟೀನಿನ ಜಾಗದಲ್ಲಿ ಅಂಗೈಯಲ್ಲಿ ಹಿಡಿಯುವಂಥ ಮೀಟರು ಇದೆ. ಆಮ್ಲಜನಕ, ಉರಿಯುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುತ್ತದೆ. ಚರಂಡಿ ಮತ್ತು ಶೌಚಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಚರಂಡಿ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಆ ಮೊತ್ತದ ಎದುರು ಮೀಟರಿನ ಬೆಲೆ ಚಿಲ್ಲರೆ.

*

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಅಡುಗೆಮನೆಯಲ್ಲಿ ಮೂಗೇ ಕಾವಲುಗಾರ ಅಲ್ಲವೇ? ವಡೋದರಾದ ಮನೆಗಳಿಗೆ 1970ರ ದಶಕದಲ್ಲೇ ಕೊಳವೆಯಲ್ಲಿ ಗ್ಯಾಸ್ ಬಂತು. ಇಂದು ಮೂರೂ ಊರುಗಳಲ್ಲಿ ಇದೆ. ಸೋರಿಕೆ ಗೊತ್ತಾಗುವುದು ಮೂಗಿನಿಂದಲೇ.

ನಿಜ. ಆದರೆ ಅದು ಮೂಗಿನ ಸಹಜ ಸಾಮರ್ಥ್ಯಕ್ಕೆ ಬಿಟ್ಟ ವ್ಯವಸ್ಥೆಯಲ್ಲ, ಗ್ರಾಹಿಗಳನ್ನು ನೋಡಿಕೊಂಡು ಮನುಷ್ಯರು ಕಟ್ಟಿದ ವ್ಯವಸ್ಥೆ. ನೈಸರ್ಗಿಕ ಅನಿಲದ ಮುಖ್ಯ ಪಾಲಾದ ಮೀಥೇನಿಗೆ ವಾಸನೆಯೇ ಇಲ್ಲ. 1937ರಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಗ್ಯಾಸ್ ಸೋರಿ ಸ್ಫೋಟವಾಗಿ ಸುಮಾರು 300 ಜನ, ಹೆಚ್ಚಿನವರು ಮಕ್ಕಳು, ಸತ್ತ ಮೇಲೆ ಗ್ಯಾಸಿಗೆ ವಾಸನೆ ಬೆರೆಸುವ ಕಾನೂನು ಬಂತು. ಬೆರೆಸುವುದು ಮರ್ಕ್ಯಾಪ್ಟನ್ ಎಂಬ ಗಂಧಕದ ಅಣುಗಳನ್ನು. ಇಂಥ ಅಣುಗಳನ್ನು ಹಿಡಿಯುವ ಓಆರ್2ಟಿ11 ಎಂಬ ಗ್ರಾಹಿಗೆ ತಾಮ್ರದ ಅಯಾನು ಜೊತೆಗಿದ್ದರೆ ಚುರುಕು ಹೆಚ್ಚುತ್ತದೆ ಅಂತ 2016ರಲ್ಲಿ ತಿಳಿಯಿತು. ಗಂಧಕದ ನಾತ ಇಷ್ಟು ಬೇಗ ಮೂಗಿಗೆ ತಟ್ಟುವುದರ ಹಿಂದಿನ ಒಂದು ಗುಟ್ಟು ಇದು. ಗ್ಯಾಸ್ ಹೊತ್ತಿಕೊಳ್ಳುವ ಮಟ್ಟಕ್ಕಿಂತ ಬಹಳ ಕೆಳಗೇ ವಾಸನೆ ಬರುವಂತೆ ಲೆಕ್ಕ ಹಾಕಿ ಬೆರೆಸಿರುತ್ತಾರೆ. ಗುಂಡಿಯಲ್ಲಿ ಅಂಥ ಲೆಕ್ಕ ಹಾಕಿದವರು ಯಾರೂ ಇಲ್ಲ. ಅಡುಗೆಮನೆಯಲ್ಲೂ ಈ ವ್ಯವಸ್ಥೆಗೆ ಮಿತಿ ಇದೆ: ವಯಸ್ಸಾದ ಹಾಗೆ ಮೂಗು ಮಂಕಾಗುತ್ತದೆ, ಕೋವಿಡ್ ಎಷ್ಟೋ ಜನರ ವಾಸನೆಯನ್ನು ತಿಂಗಳುಗಟ್ಟಲೆ ಕಿತ್ತುಕೊಂಡಿತು. ಅಜ್ಜಿ ಒಬ್ಬರೇ ಇರುವ ಮನೆಯಲ್ಲಿ ಗ್ಯಾಸ್ ಅಲಾರಂ ಇಡುವುದು ದುಂದುವೆಚ್ಚವಲ್ಲ.

*

ಕೊನೆಗೆ ನನ್ನ ಕಸುಬಿನ ಮಾತು. ನಮ್ಮ ಭಾಷೆಗಳಿಗೆ ವಾಸನೆಯ ಪದಗಳ ಬಡತನವಿಲ್ಲ. ಎಣ್ಣೆ ಕಮಟು ಹಿಡಿಯುತ್ತದೆ, ಅಕ್ಕಿ ಮುಗ್ಗುತ್ತದೆ, ಹಾಲು ಸೀಯುತ್ತದೆ, ಅನ್ನ ಹಳಸುತ್ತದೆ, ಅವರೆಕಾಯಿಗೆ ಸೊಗಡು ಇರುತ್ತದೆ. ಕನ್ನಡದ ಘಮಘಮಕ್ಕೆ ಗುಜರಾತಿಯಲ್ಲಿ ಮಘಮಘ ಇದೆ. ಕನ್ನಡದ 'ನಾರು' ಇಂದು ಬರೀ ಕೆಟ್ಟದ್ದು, ಆದರೆ ಅದರ ದಾಯಾದಿ 'ನರುಗಂಪು' ಇನ್ನೂ ಸುಗಂಧವೇ. ಗುಜರಾತಿಯಲ್ಲಿ 'ವಾಸ್' ಬಂತು ಅಂದರೆ ನಾತ ಬಂತು ಅಂತಲೇ, ಆದರೆ 'ಮುಖವಾಸ್' ಒಳಗೆ ಅದು ಇನ್ನೂ ಒಳ್ಳೆಯದೇ. ಇಷ್ಟೆಲ್ಲ ಇಟ್ಟುಕೊಂಡು ಕಾರ್ಮಿಕರ ಕೈಗೆ 'ವಿಶಿಷ್ಟ ವಾಸನೆ' ಅನ್ನುವ ಕಾಗದ ಕೊಡುವುದು ನಾಚಿಕೆಗೇಡು. ಕೊಳೆತ ಮೊಟ್ಟೆಯ ನಾತ, ಕಹಿ ಬಾದಾಮಿಯ ವಾಸನೆ, ಕೊಳೆತ ಮೀನಿನ ವಾಸನೆ ಅಂತ ಬರೆದರೆ ಓದಿದವರಿಗೆ ತಿಳಿಯುತ್ತದೆ. ಹಾಗೆ ಬರೆಯಲು ಮೂಲದಲ್ಲೇ ಇರಬೇಕು. ಇಲ್ಲದಿದ್ದರೆ ಅನುವಾದಕರು ತಯಾರಕರನ್ನು ಕೇಳಬೇಕು, ಕೇಳುವುದಕ್ಕೆ ಏಜೆನ್ಸಿಗಳು ಸಮಯ ಕೊಡಬೇಕು. ಸೂರತ್ತಿನ ಮಗ್ಗಗಳಲ್ಲಿ ದುಡಿಯುವವರಲ್ಲಿ ಒಡಿಶಾದ ಗಂಜಾಂ ಜಿಲ್ಲೆಯವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಗುಜರಾತಿಯ ಫಲಕ ಎಷ್ಟು ಉಪಯೋಗವೋ, ರಾಯಚೂರಿನಿಂದ ಬಂದ ಕಾರ್ಮಿಕರಿಗೂ ಅಷ್ಟೇ. ಫಲಕ ಇರಬೇಕಾದದ್ದು ಕೆಲಸ ಮಾಡುವವರ ಭಾಷೆಯಲ್ಲಿ, ಕಾರ್ಖಾನೆ ಇರುವ ಊರಿನ ಭಾಷೆಯಲ್ಲಿ ಮಾತ್ರವಲ್ಲ.

ಆ ಫಲಕದಲ್ಲಿ ಈಗ ಸಾಮಾನ್ಯವಾಗಿ ಇರುವ ಸಾಲು: 'ವಾಸನೆ ಬಂದರೆ ಕೂಡಲೇ ಹೊರಗೆ ಬನ್ನಿ.' ಗ್ರಾಹಿಗಳ ಬಗ್ಗೆ ಇಷ್ಟು ತಿಳಿದ ಮೇಲೆ ಅದು ಅರ್ಧ ಸತ್ಯ ಅಂತ ನಿಮಗೂ ಅನ್ನಿಸಬೇಕು. ಅದರ ಕೆಳಗೆ ಇನ್ನೆರಡು ಸಾಲು ಬೇಕು, ಕನ್ನಡದಲ್ಲಿ, ಗುಜರಾತಿಯಲ್ಲಿ, ಒಡಿಯಾದಲ್ಲಿ, ಹಿಂದಿಯಲ್ಲಿ: 'ಬಂದ ವಾಸನೆ ತಾನಾಗಿ ನಿಂತರೆ ಇನ್ನೂ ಬೇಗ ಹೊರಗೆ ಬನ್ನಿ. ಒಳಗೆ ಬಿದ್ದವರನ್ನು ಎತ್ತಲು ಬರಿಗೈಯಲ್ಲಿ ಇಳಿಯಬೇಡಿ.'